ಟ್ರಾಮ್ ಟಿಕೆಟ್ ಅಂಟಿಸಿದರೆ ಅದು ಚಿತ್ರವಾಗುತ್ತದೆಯೇ? ಕುರ್ಟ್ ಶ್ವಿಟ್ಟರ್ಸ್ ಕೊಲಾಜ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಮಗಳ ಮನೆಗೆಂದು ಜರ್ಮನಿಯ ಹ್ಯಾನೋವರ್‌ಗೆ ಹೋಗಿದ್ದಾಗ ಅಲ್ಲಿನ ಶ್ಪ್ರೆಂಗೆಲ್ ಮ್ಯೂಸಿಯಂನಲ್ಲಿ ಕುರ್ಟ್ ಶ್ವಿಟ್ಟರ್ಸ್ ಎಂಬ ಕಲಾವಿದರ ಕೊಲಾಜ್‌ಗಳನ್ನು ನೋಡಿದೆ. ಹಳೆಯ ಟ್ರಾಮ್ ಟಿಕೆಟ್, ಹರಿದ ಪೇಪರ್, ಚಾಕೊಲೇಟ್ ಸುತ್ತಿದ ಕಾಗದ. ಇವನ್ನೆಲ್ಲ ಒಂದು ಹಾಳೆಗೆ ಅಂಟಿಸಿದ್ದಾರೆ. ಮೊಮ್ಮಗ "ಇದನ್ನ ನಾನೂ ಮಾಡ್ತೀನಿ" ಅಂದ. ನನಗೂ ಹಾಗೇ ಅನ್ನಿಸಿತು. ಜರ್ಮನ್ ಬಾರದ್ದರಿಂದ ಅರ್ಥವೂ ಆಗಲಿಲ್ಲ. ಇದರಲ್ಲಿ ಅಂಥದ್ದು ಏನಿದೆ? ಇನ್ನೊಂದು ವಿಷಯ. ನಮ್ಮ ತಂದೆ ಕೂಡಿಟ್ಟ ಹಳೇ ಬಸ್ ಟಿಕೆಟ್, ಲಾಟರಿ ಟಿಕೆಟ್, ಬೆಂಕಿಪೊಟ್ಟಣದ ಲೇಬಲ್‌ಗಳು ಒಂದು ಡಬ್ಬದಲ್ಲಿವೆ. ಅವುಗಳಿಂದ ಮೊಮ್ಮಗನ ಜೊತೆ ಕೂತು ಏನಾದರೂ ಮಾಡಬೇಕೆಂದಿದ್ದೇನೆ. ಯಾವ ಅಂಟು ಬಳಸಬೇಕು? ಹಾಳಾಗದ ಹಾಗೆ ಇಡುವುದು ಹೇಗೆ? (ಓದುಗರು, ಶಿವಮೊಗ್ಗ)

ಉತ್ತರ: ಮೊಮ್ಮಗ ಹೇಳಿದ್ದು ಸರಿ, ಅವನೂ ಮಾಡಬಹುದು. ಅಂಟಿಸುವುದರಲ್ಲಿ ಯಾವ ಕಷ್ಟವೂ ಇಲ್ಲ. ಎಲ್ಲಿ ಕತ್ತರಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು, ಯಾವಾಗ ಕೈ ತೆಗೆಯಬೇಕು, ಇಲ್ಲಿದೆ ಕಷ್ಟ. ಶ್ವಿಟ್ಟರ್ಸ್ ಸುಮಾರು ಮೂವತ್ತು ವರ್ಷ ಬಿಡದೆ ಮಾಡಿದ್ದು ಈ ಮೂರು ಕೆಲಸವನ್ನೇ. ಒಳ್ಳೆಯ ಕೊಲಾಜನ್ನೂ ಸುಮ್ನೆ ಅಂಟಿಸಿದ ಕಾಗದವನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಆದರೆ ಅದನ್ನು ಕಾಣಲು ಕಣ್ಣಿನ ಒಂದು ಅಭ್ಯಾಸವನ್ನು ಸ್ವಲ್ಪ ಹೊತ್ತು ಬಿಡಬೇಕಾಗುತ್ತದೆ.

ಅಕ್ಷರ ಕಂಡರೆ ಸಾಕು, ನಾವು ಓದಲು ಹೋಗುತ್ತೇವೆ. ಕೊಲಾಜ್‌ನಲ್ಲಿ ಅಕ್ಷರಗಳೇ ತುಂಬಿರುವುದರಿಂದ ಅದರೊಳಗೆ ಏನೋ ಸಂದೇಶ ಅಡಗಿರಬೇಕು ಅನ್ನಿಸುತ್ತದೆ. ಜರ್ಮನ್ ಬಾರದ್ದು ನಿಮಗೆ ಅಡ್ಡಿಯಾಯಿತು ಎಂದಿದ್ದೀರಿ. ನನ್ನ ಪ್ರಕಾರ ಅದರಿಂದ ನಿಮಗೆ ಅನುಕೂಲವೇ ಆಯಿತು. ನಿಮಗೆ ಅವು ಬರೀ ಆಕಾರಗಳು. ದಪ್ಪ ಕಪ್ಪು ಗೆರೆ, ತೆಳು ಗೆರೆ, ದುಂಡು, ಮೂಲೆ. ಶ್ವಿಟ್ಟರ್ಸ್ ಬಹುಪಾಲು ಅವುಗಳನ್ನು ಹಾಗೆಯೇ ನೋಡಿದರು. 1919ರಲ್ಲಿ ತಮ್ಮ ಈ ಹೊಸ ಚಿತ್ರಗಳ ಬಗ್ಗೆ ಬರೆದಾಗ ಅವರು ಹೇಳಿದ್ದು ಇಷ್ಟು: ಬಣ್ಣದ ಹಾಗೆಯೇ ಮಗುವಿನ ಗಾಡಿಯ ಚಕ್ರ, ತಂತಿಬಲೆ, ದಾರ, ಹತ್ತಿ ಎಲ್ಲಕ್ಕೂ ಚಿತ್ರದಲ್ಲಿ ಸಮಾನ ಹಕ್ಕಿದೆ. ವಸ್ತುವನ್ನು ಆರಿಸುವುದು, ಹಂಚಿ ಇಡುವುದು, ಅದರ ಮೊದಲಿನ ಗುಣ ಕಳೆಯುವ ಹಾಗೆ ಮಾಡುವುದು ಕಲಾವಿದನ ಕೆಲಸ.

ಆ ಕೊನೆಯ ಮಾತು ಬಹಳ ಮುಖ್ಯ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆ ತುಂಡಾದರೂ ಬಟ್ಟೆಯಾಗಿಯೇ ಉಳಿಯುತ್ತದೆ, ಹೊದ್ದರೆ ಬೆಚ್ಚಗಾಗುತ್ತದೆ. ಶ್ವಿಟ್ಟರ್ಸ್ ಕೈಗೆ ಸಿಕ್ಕ ಟಿಕೆಟ್ ಹಾಗಲ್ಲ. ಅದರ ಪ್ರಯಾಣದ ಕೆಲಸ ಮುಗಿದಿದೆ. ಈಗ ಅದು ಒಂದು ಮಾಸಲು ಗುಲಾಬಿ ಬಣ್ಣದ ಆಯತ. ಅದರ ಒಂದು ಅಂಚು ನೇರ, ಇನ್ನೊಂದು ಅಂಚು ಹರಿದದ್ದು. ಪಕ್ಕದಲ್ಲಿ ನೀಲಿ ಕಾಗದ ಬಂದರೆ ಆ ಗುಲಾಬಿ ಬೆಚ್ಚಗೆ ಕಾಣುತ್ತದೆ, ಕೆಂಪು ಬಂದರೆ ಮಂಕಾಗುತ್ತದೆ. ಚಿತ್ರಕಾರರು ಬಣ್ಣದಲ್ಲಿ ಮಾಡುವ ಲೆಕ್ಕಾಚಾರವನ್ನೇ ಅವರು ಕಸದ ಬುಟ್ಟಿಯ ಕಾಗದದಲ್ಲಿ ಮಾಡಿದರು.

ಅವರಿಗೆ ಬಣ್ಣ ಹಚ್ಚಲು ಬಾರದೆ ಇದಕ್ಕೆ ಇಳಿದದ್ದಲ್ಲ. ಹುಟ್ಟಿದ್ದು 1887ರಲ್ಲಿ, ಹ್ಯಾನೋವರ್‌ನಲ್ಲೇ. ಡ್ರೆಸ್ಡೆನ್ ಅಕಾಡೆಮಿಯಲ್ಲಿ 1909ರಿಂದ 1915ರ ತನಕ ಕ್ರಮಬದ್ಧವಾಗಿ ಚಿತ್ರಕಲೆ ಕಲಿತವರು. ಮುಖಚಿತ್ರ, ಬೆಟ್ಟ-ಕಣಿವೆಯ ಚಿತ್ರಗಳನ್ನು ಸಾಯುವ ತನಕ ಬರೆಯುತ್ತಲೇ ಇದ್ದರು. ಹೊಟ್ಟೆಪಾಡಿಗೂ ಬರೆದರು, ಇಷ್ಟಪಟ್ಟೂ ಬರೆದರು. ಮೊದಲ ಮಹಾಯುದ್ಧದ ಕೊನೆಗಾಲದಲ್ಲಿ ಹ್ಯಾನೋವರ್ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ತೆಗೆಯುವ ಕೆಲಸ ಮಾಡಿದರು. ಆರಂಭದ ಚಿತ್ರಗಳಲ್ಲಿ ಚಕ್ರಗಳು ಜಾಸ್ತಿ ಕಾಣುವುದು ಆ ನೆನಪಿನಿಂದ.

1918ರಲ್ಲಿ ಯುದ್ಧ ಮುಗಿದಾಗ ಜರ್ಮನಿ ಸೋತು ಸುಣ್ಣವಾಗಿತ್ತು. ಸಾಮಾನಿಗೆ ಬರ, ದುಡ್ಡಿಗೆ ಬರ. ಹೇಗೂ ಎಲ್ಲ ಒಡೆದುಹೋಗಿದೆ, ಚೂರುಗಳಿಂದಲೇ ಹೊಸದನ್ನು ಕಟ್ಟಬೇಕು ಎಂದು ಅವರಿಗೆ ಅನ್ನಿಸಿತು. ಮುಂದೆ ಅವರೇ ಈ ಅರ್ಥದ ಮಾತು ಬರೆದಿದ್ದಾರೆ. 1919ರ ಒಂದು ದೊಡ್ಡ ಚಿತ್ರದಲ್ಲಿ ಬ್ಯಾಂಕಿನ ಜಾಹೀರಾತಿನಿಂದ ಕತ್ತರಿಸಿದ ತುಂಡೊಂದು ಇತ್ತು. ಅದರಲ್ಲಿ ಉಳಿದಿದ್ದ ನಾಲ್ಕು ಅಕ್ಷರ 'ಮೆರ್ತ್ಸ್' (Merz). ಅದನ್ನೇ ತಮ್ಮ ಎಲ್ಲ ಕೆಲಸಕ್ಕೂ ಹೆಸರಾಗಿ ಇಟ್ಟುಕೊಂಡರು. ಕಾಗದದ ಮೇಲಿನ ಸಣ್ಣ ಕೊಲಾಜ್‌ಗಳಿಗೆ 'ಮೆರ್ತ್ಸ್ ರೇಖಾಚಿತ್ರ' ಎಂದರು. ನಂಬರ್ ಹಾಕಿ, ಕೆಳಗೆ ಪೆನ್ಸಿಲಿನಲ್ಲಿ ಸಹಿ ಮಾಡುತ್ತಿದ್ದರು. ನೀವು ನೋಡಿದವುಗಳಲ್ಲೂ ಕೆಳಗಡೆ ಪುಟ್ಟ ಕೈಬರಹ ಇದ್ದಿರಬಹುದು.

ಕಾಗದ ಅಂಟಿಸಿದವರಲ್ಲಿ ಇವರು ಮೊದಲಿಗರಲ್ಲ. 1912ರಲ್ಲಿ ಫ್ರಾನ್ಸ್‌ನಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ವಿನ್ಯಾಸ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರ ಜೊತೆಗಾರ ಚಿತ್ರಕಾರ ಬ್ರಾಕ್, ಆವಿನ್ಯೋನ್ ಊರಿನ ಅಂಗಡಿಯಲ್ಲಿ ಕಂಡ ಮರದ ಗೆರೆಯ ವಾಲ್‌ಪೇಪರನ್ನು ಕತ್ತರಿಸಿ ಇದ್ದಿಲಿನ ರೇಖಾಚಿತ್ರದಲ್ಲಿ ಸೇರಿಸಿದರು. ಆದರೆ ಅವರಿಬ್ಬರ ಚಿತ್ರದಲ್ಲಿ ಅಂಟಿಸಿದ ಕಾಗದ ಸಾಮಾನ್ಯವಾಗಿ ಇನ್ನೊಂದು ವಸ್ತುವಿನ ಪಾತ್ರ ವಹಿಸುತ್ತದೆ. ವಾಲ್‌ಪೇಪರ್ ಮೇಜಾಗುತ್ತದೆ, ಪತ್ರಿಕೆಯ ತುಂಡು ಬಾಟಲಿಯಾಗುತ್ತದೆ. ಬರ್ಲಿನ್‌ನ ಕಲಾವಿದೆ ಹ್ಯಾನಾ ಹ್ಯೋಕ್ ಪತ್ರಿಕೆಯ ಫೋಟೋಗಳನ್ನು ಕತ್ತರಿಸಿ ರಾಜಕೀಯದ ಮೇಲೆ ಹರಿತವಾದ ಚಿತ್ರಗಳನ್ನು ಮಾಡಿದರು. ಅಲ್ಲಿ ಯಾರ ತಲೆ ಯಾರ ಮೈಮೇಲೆ ಕೂತಿದೆ ಎನ್ನುವುದೇ ವಿಷಯ. ಶ್ವಿಟ್ಟರ್ಸ್ ಇವೆರಡೂ ದಾರಿ ಹಿಡಿಯಲಿಲ್ಲ. ಅವರ ಟಿಕೆಟ್ ಬೇರೇನನ್ನೂ ನಟಿಸುವುದಿಲ್ಲ, ಯಾರನ್ನೂ ಟೀಕಿಸುವುದೂ ಇಲ್ಲ. ಬರ್ಲಿನ್‌ನ 'ದಾದಾ' ಎಂಬ ಬಂಡಾಯ ಕಲಾವಿದರ ಗುಂಪಿನ ಕೆಲವರಿಗೆ ಇದು ಹಿಡಿಸಲಿಲ್ಲ, ಅವರನ್ನು ಗುಂಪಿನಿಂದ ಹೊರಗೇ ಇಟ್ಟರು. ನನಗೆ ಆ ಮೂವರಿಗಿಂತಲೂ ಶ್ವಿಟ್ಟರ್ಸ್ ಹತ್ತಿರ ಅನ್ನಿಸುವುದು ಈ ಕಾರಣಕ್ಕೇ. ಸಾಮಾನ್ಯ ಕಾಗದಕ್ಕೆ ಅವರಷ್ಟು ಗೌರವ ಕೊಟ್ಟವರು ಕಡಿಮೆ.

ಈಗ ಅವರು ಕೆಲಸ ಮಾಡುತ್ತಿದ್ದ ರೀತಿಗೆ ಬರುತ್ತೇನೆ. ಕಾಗದದ ಕಲಾಕೃತಿಗಳನ್ನು ದುರಸ್ತಿ ಮಾಡುವುದು ನನ್ನ ವೃತ್ತಿ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅವರು ಕೊಲಾಜ್ ಮಾಡುವುದನ್ನು ಕಣ್ಣಾರೆ ಕಂಡವರು ವಿವರಿಸಿದ್ದಾರೆ. ಮೊದಲು ಹಿಟ್ಟು-ನೀರಿನ ಅಂಟನ್ನು ಇಡೀ ಹಾಳೆಯ ಮೇಲೆ ಧಾರಾಳವಾಗಿ ಹರಡುತ್ತಿದ್ದರು. ಆಮೇಲೆ ಕಾಗದದ ಚೂರುಗಳನ್ನು ಆ ಒದ್ದೆಯ ಮೇಲೆ ಇಟ್ಟು, ಬೆರಳಿನಿಂದ ಅತ್ತಿತ್ತ ಜಾರಿಸುತ್ತಿದ್ದರು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಪುಟ್ಟ ಪುಟ್ಟ ಚೂರುಗಳನ್ನು ಅಂಟಿನೊಳಗೇ ಒತ್ತುತ್ತಿದ್ದರು. ಕೊನೆಗೆ ಜಾಸ್ತಿಯಾದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಕೆಲವು ಕಡೆ ಬೇಕೆಂದೇ ಒಂದು ತೆಳು ಪೊರೆ ಬಿಡುತ್ತಿದ್ದರು. ಅದು ಒಣಗಿದಾಗ ಬಣ್ಣ ಸ್ವಲ್ಪ ಮಂದವಾಗಿ, ಬೇರೆ ಬೇರೆ ಕಾಗದಗಳು ಒಂದೇ ಮನೆಯವರ ಹಾಗೆ ಹೊಂದಿಕೊಳ್ಳುತ್ತಿದ್ದವು.

ಇದರ ಪರಿಣಾಮ ಏನು ಗೊತ್ತಾ? ಗೋಂದು ಹಚ್ಚಿ ಪಟ್ಟನೆ ಅಂಟಿಸಿದರೆ ನಿರ್ಧಾರ ಅಲ್ಲಿಗೇ ಮುಗಿಯಿತು. ಹಿಟ್ಟಿನ ಅಂಟು ನಿಧಾನವಾಗಿ ಒಣಗುತ್ತದೆ. ಅಷ್ಟು ಹೊತ್ತು ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ಸಿಗುತ್ತದೆ. ಒಂದು ಟಿಕೆಟ್ ಎರಡು ಮಿಲಿಮೀಟರ್ ಎಡಕ್ಕೆ ಸರಿದರೆ ಕೆಳಗಿನ ಕೆಂಪು ಗೆರೆ ಹೊರಗೆ ಇಣುಕುತ್ತದೆ, ಇಡೀ ಮೂಲೆಗೆ ಜೀವ ಬರುತ್ತದೆ. ಆ ಎರಡು ಮಿಲಿಮೀಟರಿಗಾಗಿಯೇ ಅವರು ಆ ಅಂಟನ್ನು ಆರಿಸಿಕೊಂಡರು ಎಂದು ನನಗನ್ನಿಸುತ್ತದೆ. ಮುಂದಿನ ಸಲ ನೋಡುವಾಗ ಚಿತ್ರದ ಮಧ್ಯವನ್ನು ಬಿಟ್ಟು ಕಾಗದಗಳು ಒಂದರ ಮೇಲೊಂದು ಹತ್ತಿರುವ ಅಂಚುಗಳನ್ನು ನೋಡಿ. ಯಾವುದು ಮೇಲೆ, ಯಾವುದು ಕೆಳಗೆ. ಎಲ್ಲಿ ಕತ್ತರಿ, ಎಲ್ಲಿ ಕೈಯಲ್ಲಿ ಹರಿದದ್ದು. ಕತ್ತರಿಯ ಅಂಚು ಗೆರೆಯಂತೆ ನಿಲ್ಲುತ್ತದೆ. ಹರಿದ ಅಂಚಿನಲ್ಲಿ ಕಾಗದದ ನಾರು ಬಿಳಿಯಾಗಿ ತೋರಿ, ಎರಡು ಬಣ್ಣಗಳ ನಡುವೆ ಉಸಿರಾಡುವ ಜಾಗ ಆಗುತ್ತದೆ. ಎರಡನ್ನೂ ಅಳತೆಯರಿತು ಬೆರೆಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಚಿತ್ರ ಕಟ್ಟುವ ರೀತಿಯೂ ಕಾಲಕಾಲಕ್ಕೆ ಬದಲಾಗಿದೆ. 1919-20ರ ಕೊಲಾಜ್‌ಗಳಲ್ಲಿ ಓರೆ ಗೆರೆಗಳೇ ಹೆಚ್ಚು. ಕಾಗದಗಳು ಗಾಳಿಗೆ ಸಿಕ್ಕಿ ಸುತ್ತುತ್ತಿರುವಂತೆ ಕಾಣುತ್ತವೆ. 1921ರ 'ಚೆರ್ರಿ ಚಿತ್ರ' ರಟ್ಟಿನ ಮೇಲೆ ಮಾಡಿದ ದೊಡ್ಡ ಕೆಲಸ, ಈಗ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬಟ್ಟೆ, ಮರ, ಬಿರಡೆ ಎಲ್ಲ ಇವೆ. ನಡುವೆ ಮಕ್ಕಳಿಗೆ ಪದ ಕಲಿಸುವ ಒಂದು ಕಾರ್ಡು, ಅದರ ಮೇಲೆ ಚೆರ್ರಿ ಹಣ್ಣಿನ ಗೊಂಚಲು. ಸುತ್ತಲೂ ಕಂದು, ಕಪ್ಪು, ಮಾಸಲು ಬಣ್ಣಗಳು. ಆ ಪುಟ್ಟ ಕೆಂಪು ಹಣ್ಣು ಮಾತ್ರ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ 'ನಿನ್ನನ್ನು ಪ್ರೀತಿಸುತ್ತೇನೆ' ಎಂದು ವ್ಯಾಕರಣ ತಪ್ಪಿಸಿ ಗೀಚಿದ್ದಾರೆ. ನಾನು ಮೊದಲು ಅಕ್ಷರ ಓದಬೇಡಿ ಎಂದೆ. ಇಂಥ ಕಡೆ ಓದಿದರೆ ಮನಸ್ಸು ಅರಳುವುದೂ ನಿಜ. ಓದು ಎರಡನೆಯದಾಗಿ ಬರಲಿ ಅಷ್ಟೇ.

1923ರ ಆರಂಭದಲ್ಲಿ ಅವರು ಡಚ್ ಕಲಾವಿದ ಥಿಯೋ ಫಾನ್ ಡೂಸ್‌ಬರ್ಗ್ ಜೊತೆ ಹಾಲೆಂಡ್ ಸುತ್ತಿದರು. ಅಲ್ಲಿನವರು ಅಡ್ಡ-ಉದ್ದ ಗೆರೆಗಳಲ್ಲೇ ಚಿತ್ರ ಕಟ್ಟುತ್ತಿದ್ದರು. ಅದರ ನಂತರ ಶ್ವಿಟ್ಟರ್ಸ್ ಕೊಲಾಜ್‌ಗಳು ಶಾಂತವಾಗುತ್ತವೆ. ಓರೆಗಳು ಕಡಿಮೆಯಾಗಿ ಆಯತಗಳು ಬರುತ್ತವೆ, ಖಾಲಿ ಜಾಗ ಹೆಚ್ಚುತ್ತದೆ. 1924ರಲ್ಲಿ ಸ್ವಂತ ಜಾಹೀರಾತು ಕಚೇರಿ ತೆರೆದು ಪೆಲಿಕಾನ್ ಶಾಯಿ ಕಂಪನಿಯಂಥವರಿಗೆ ಕೆಲಸ ಮಾಡಿಕೊಟ್ಟರು. ಅಚ್ಚುಮೊಳೆ, ಮುದ್ರಣ, ಲೇಔಟ್ ಎಲ್ಲ ಕೈವಶವಾಗಿತ್ತು. ಹೀಗೆ ಹಗಲು ಜಾಹೀರಾತು ಮಾಡಿದ ಕೈಯೇ ಇನ್ನೊಂದು ಹೊತ್ತಿನಲ್ಲಿ ಜಾಹೀರಾತಿನ ಕಾಗದ ಹರಿದು ಚಿತ್ರ ಮಾಡುತ್ತಿತ್ತು. ಚಾಕೊಲೇಟ್ ಹೊದಿಕೆಯ ಯಾವ ಅಕ್ಷರ ಉಳಿಸಬೇಕು, ಯಾವುದು ಹೋಗಬೇಕು ಎನ್ನುವ ಖಚಿತತೆ ಆ ಅನುಭವದಿಂದ ಬಂದದ್ದು.

ಆ ಮೇಲಿನ ಕಥೆ ದುಃಖದ್ದು. ಬೇಗ ಹೇಳಿ ಮುಗಿಸುತ್ತೇನೆ. ನಾತ್ಸಿಗಳು 1937ರ ಜುಲೈನಲ್ಲಿ ಮ್ಯೂನಿಕ್‌ನಲ್ಲಿ 'ಕುಲಗೆಟ್ಟ ಕಲೆ' ಎಂಬ ಪ್ರದರ್ಶನ ಮಾಡಿ, ಜನ ನಗಲಿ ಎಂದು ಇಂಥ ಚಿತ್ರಗಳನ್ನು ಬೇಕೆಂದೇ ವಕ್ರವಾಗಿ ನೇತುಹಾಕಿದರು. 'ಮೆರ್ತ್ಸ್' ಅಕ್ಷರಗಳಿದ್ದ ಆ ಮೊದಲ ಚಿತ್ರವೂ ಅಲ್ಲಿತ್ತು, ಆಮೇಲೆ ಕಾಣೆಯಾಯಿತು. ಅಷ್ಟರಲ್ಲಿ ಶ್ವಿಟ್ಟರ್ಸ್ ನಾರ್ವೆಗೆ ಓಡಿಹೋಗಿದ್ದರು. 1940ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ಬಂದಾಗ ಹಡಗು ಹತ್ತಿ ಬ್ರಿಟನ್ ಸೇರಿದರು. ಜರ್ಮನಿಯವರೆಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ 1941ರ ನವೆಂಬರ್ ತನಕ ಕೂಡಿಹಾಕಿದರು. ಅಲ್ಲಿ ಬಣ್ಣವಿಲ್ಲ, ಕ್ಯಾನ್ವಾಸ್ ಇಲ್ಲ. ನೆಲದ ಲಿನೋಲಿಯಂ ಕಿತ್ತು ಅದರ ಮೇಲೆ ಚಿತ್ರ ಬರೆದರು, ಮಿಕ್ಕ ಗಂಜಿಯಿಂದ ಶಿಲ್ಪ ಮಾಡಿದರು. ಹ್ಯಾನೋವರ್‌ನ ಮನೆಯೊಳಗೆ ವರ್ಷಗಟ್ಟಲೆ ಕಟ್ಟಿದ್ದ 'ಮೆರ್ತ್ಸ್‌ಬೌ' ಎಂಬ ಕೋಣೆಯಷ್ಟು ದೊಡ್ಡ ಕೃತಿ 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಶ್ಪ್ರೆಂಗೆಲ್ ಮ್ಯೂಸಿಯಂನಲ್ಲಿ ನೀವು ಒಳಗೆ ಹೊಕ್ಕು ನೋಡಬಹುದಾದ ಬಿಳಿ ಕೋಣೆ ಇದೆಯಲ್ಲ, ಅದು ಹಳೆಯ ಫೋಟೋಗಳ ಆಧಾರದಿಂದ ಮತ್ತೆ ಕಟ್ಟಿದ್ದು. ಅವರು ಕೊನೆಯುಸಿರೆಳೆದದ್ದು 1948ರ ಜನವರಿಯಲ್ಲಿ, ಇಂಗ್ಲೆಂಡಿನ ಸರೋವರ ಸೀಮೆಯ ಬಳಿ.

ಇಂಗ್ಲೆಂಡಿನ ಕೊಲಾಜ್‌ಗಳನ್ನು ನೋಡಿದರೆ ಸಾಮಗ್ರಿಯಲ್ಲೇ ಬದುಕು ಬದಲಾದದ್ದು ತಿಳಿಯುತ್ತದೆ. ಜರ್ಮನ್ ಟ್ರಾಮ್ ಟಿಕೆಟ್ ಹೋಗಿ ಇಂಗ್ಲಿಷ್ ಬಸ್ ಟಿಕೆಟ್ ಬಂದಿದೆ. ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಗೆಳೆಯರು ಕಳಿಸಿದ ಪತ್ರಿಕೆಗಳಿಂದ ಕಾಮಿಕ್ಸ್ ಚಿತ್ರಗಳು, ನಗುವ ಹುಡುಗಿಯರ ಮುಖಗಳು ಬಂದಿವೆ. 1947ರ ಕೆಲವು ಕೊಲಾಜ್‌ಗಳು ಜಾಹೀರಾತು, ಕಾಮಿಕ್ಸ್‌ಗಳನ್ನೇ ಚಿತ್ರವಾಗಿಸಿದ ಮುಂದಿನ ದಶಕದ ಪಾಪ್ ಕಲೆಯನ್ನು ಆಗಲೇ ಮಾಡಿಟ್ಟ ಹಾಗಿವೆ. ಅವರು ತಮ್ಮ ಕಷ್ಟವನ್ನು ಚಿತ್ರದಲ್ಲಿ ಹೇಳಿಕೊಳ್ಳಲಿಲ್ಲ. ಆದರೆ ಕೈಗೆ ಸಿಕ್ಕಿದ್ದನ್ನೇ ಬಳಸುವ ಪಟ್ಟು ಹಿಡಿದದ್ದರಿಂದ ಊರು ಬಿಟ್ಟದ್ದು, ಭಾಷೆ ಬದಲಾದದ್ದು ಎಲ್ಲ ತಾವಾಗಿ ಬಂದು ಕೂತಿವೆ. ಈ ಹಂತದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ.

ನಮ್ಮ ದೇಶದ ಒಂದು ಉದಾಹರಣೆಯನ್ನೂ ಹೇಳಲೇಬೇಕು. ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1957ರಲ್ಲಿ ಪೂರ್ತಿ ಕಣ್ಣು ಕಳೆದುಕೊಂಡರು. ಆಮೇಲೂ ಬಣ್ಣದ ಕಾಗದ ಕತ್ತರಿಸಿ ಕೊಲಾಜ್ ಮಾಡಿದರು. ಕತ್ತರಿಸಿದ ಅಂಚನ್ನು ಬೆರಳು ಓದಬಲ್ಲದು, ಹಚ್ಚಿದ ಬಣ್ಣವನ್ನು ಓದಲಾರದು. ಅವರಿಗೆ ಕಾಗದ ದಾರಿಯಾದದ್ದು ಹೀಗೆ. ಮೊಮ್ಮಗನಿಗೆ ಇದನ್ನು ಹೇಳಿ, ಕಣ್ಣು ಮುಚ್ಚಿ ಒಂದು ಆಕಾರ ಕತ್ತರಿಸಲು ಕೊಡಿ. ಅವನಿಗೆ ಅಂಚು ಎಂದರೇನು ಎಂದು ನೀವು ವಿವರಿಸಬೇಕಾಗಿಯೇ ಬರುವುದಿಲ್ಲ.

ಇನ್ನು ನಿಮ್ಮ ಡಬ್ಬದ ವಿಚಾರ.

ಮೊದಲು ಕಾಗದದ ಗುಣ ತಿಳಿಯಿರಿ. ಪತ್ರಿಕೆಯ ಕಾಗದವನ್ನು ಮರವನ್ನು ಅರೆದು ಮಾಡುತ್ತಾರೆ. ಅದರಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ, ಆಮ್ಲ ಹೆಚ್ಚಿ ಕಾಗದ ಗರಿಗರಿಯಾಗಿ ಒಡೆಯುತ್ತದೆ. ಶ್ವಿಟ್ಟರ್ಸ್ ಅಂಟಿಸಿದ ಪತ್ರಿಕೆಗಳಿಗೂ ಇದೇ ಆಗಿದೆ. ನೀವು ಕಂದು ಬಣ್ಣ ಎಂದು ನೋಡಿದ ಎಷ್ಟೋ ತುಂಡುಗಳು ಅವರು ಅಂಟಿಸುವಾಗ ಬೂದುಬಿಳಿ ಇದ್ದವು. ಈ ಬದಲಾವಣೆ ನಿಮ್ಮ ಕಣ್ಣೆದುರೇ ಆಗುವುದನ್ನು ನೋಡಬಹುದು. ಪತ್ರಿಕೆಯ ಒಂದು ಪಟ್ಟಿ ತೆಗೆದು ಅರ್ಧಕ್ಕೆ ದಪ್ಪ ಪುಸ್ತಕ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಕೆಲವು ವಾರ ಕಳೆದು ಪುಸ್ತಕ ತೆಗೆದರೆ ಗೆರೆ ಎಳೆದ ಹಾಗೆ ಎರಡು ಬಣ್ಣ ಕಾಣುತ್ತದೆ.

ಟಿಕೆಟ್‌ಗಳಲ್ಲಿ ಎರಡು ಜಾತಿ. ಹಿಂದೆ ಕಂಡಕ್ಟರ್ ಕಟ್ಟಿನಿಂದ ಹರಿದು ಕೊಡುತ್ತಿದ್ದ ತೆಳು ಬಣ್ಣದ ಅಚ್ಚಿನ ಟಿಕೆಟ್‌ಗಳು ಕೊಲಾಜ್‌ಗೆ ಬಹಳ ಚೆನ್ನ. ಈಗ ಮಷೀನಿನಿಂದ ಬರುವ ಟಿಕೆಟ್ ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿಗೆ ಕಪ್ಪಾಗುತ್ತದೆ. ಅದು ಕೆಲವೇ ವರ್ಷದಲ್ಲಿ ಮಾಸಿಹೋಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ. ಇಸ್ತ್ರಿಪೆಟ್ಟಿಗೆ ತಾಗಿದರೆ ಇಡೀ ಟಿಕೆಟ್ಟೇ ಕಪ್ಪು. ಉಳಿಯಬೇಕಾದ ಕೆಲಸಕ್ಕೆ ಅದನ್ನು ಬಳಸಬೇಡಿ. ಲಾಟರಿ ಟಿಕೆಟ್‌ಗಳು ಸಾಮಾನ್ಯವಾಗಿ ಒಳ್ಳೆಯ ಅಚ್ಚಿನವು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು, ಹಾಗಾಗಿ ನಿಮ್ಮ ಡಬ್ಬದವು ಅದಕ್ಕೂ ಹಿಂದಿನವು ಇರಬೇಕು. ಯಾವ ಕಾಗದವನ್ನಾದರೂ ಅಂಟು ಹಚ್ಚುವ ಮೊದಲು ಪರೀಕ್ಷೆ ಮಾಡಿ. ಹತ್ತಿಯನ್ನು ಒದ್ದೆ ಮಾಡಿ ಮೂಲೆಗೆ ಮೆಲ್ಲಗೆ ಒತ್ತಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಅಂಟಿಗೂ ಬಿಡುತ್ತದೆ. ಬೆಂಕಿಪೊಟ್ಟಣದ ಕೆಂಪು, ಲಗ್ನಪತ್ರಿಕೆಯ ಗುಲಾಬಿ ಹೀಗೆ ಕೈಕೊಡುವುದು ಉಂಟು.

ಅಂಟಿಗೆ ಬಂದರೆ, ಅಂಗಡಿಯ ಬಿಳಿ ಗೋಂದು, ಅಂದರೆ ಫೆವಿಕಾಲ್ ತರಹದ್ದು, ಗಟ್ಟಿಯೇನೋ ಹೌದು. ಒಣಗಿದ ಮೇಲೆ ಕಾಗದಕ್ಕೆ ನೋವಾಗದಂತೆ ಬಿಡಿಸುವುದು ಬಹಳ ಕಷ್ಟ. ಹುಡುಗ ದಿನಾ ಆಡುವ ಕೊಲಾಜ್‌ಗೆ ಪರವಾಗಿಲ್ಲ. ತಂದೆಯವರ ಕಾಗದಗಳಿಗೆ ಬೇಡ. ಸೆಲೋಟೇಪ್ ಅಂತೂ ಯಾವುದಕ್ಕೂ ಬೇಡ. ಅದು ಹಳದಿಯಾಗಿ, ಜಿಗುಟು ಕಾಗದದೊಳಗೆ ಇಳಿದು, ಟೇಪ್ ಉದುರಿದ ಮೇಲೂ ಕಲೆ ಉಳಿಯುತ್ತದೆ. ನನ್ನ ಮೇಜಿಗೆ ಬರುವ ಹಾಳಾದ ಕಾಗದಗಳಲ್ಲಿ ಟೇಪಿನ ಪಾಲು ದೊಡ್ಡದು.

ಶ್ವಿಟ್ಟರ್ಸ್ ಬಳಸಿದ ಹಾಗೆ ಮೈದಾ ಅಂಟು ಮಾಡಬಹುದು. ಆದರೆ ಹಿಟ್ಟಿನಲ್ಲಿ ಗೋಧಿಯ ಜಿಗುಟು ಅಂಶವೂ ಇರುತ್ತದೆ. ಅದು ಹಳದಿಯಾಗುತ್ತದೆ, ಹುಳುಗಳಿಗೂ ಪ್ರಿಯ. ಆ ಅಂಶ ತೆಗೆದ ಬರೀ ಗಂಜಿ, ಅಂದರೆ ಪಿಷ್ಟ (ಸ್ಟಾರ್ಚ್), ಉತ್ತಮ. ಇದು ನಿಮ್ಮ ಅಡುಗೆಮನೆಗೆ ಗೊತ್ತಿರುವ ಕೆಲಸವೇ. ಗೋಧಿ ಹಲ್ವಾಕ್ಕೆ ಹಾಲು ತೆಗೆಯುತ್ತೀರಲ್ಲ, ಗೋಧಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ? ಆ ಹಾಲನ್ನು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಮೇಲಿನ ನೀರು ಚೆಲ್ಲಿದರೆ ತಳದಲ್ಲಿ ಬೆಳ್ಳಗೆ ಕೂತಿರುವುದೇ ಗಂಜಿ. ಅದರ ಒಂದು ಪಾಲಿಗೆ ಐದು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ. ಬಿಳುಪು ಹೋಗಿ ಅರೆಪಾರದರ್ಶಕ ಆದಮೇಲೂ ಸ್ವಲ್ಪ ಹೊತ್ತು ಬೇಯಿಸಿ. ತಣ್ಣಗಾದ ಮೇಲೆ ಜರಡಿಯಲ್ಲಿ ಉಜ್ಜಿ ಗಂಟು ತೆಗೆಯಿರಿ. ಫ್ರಿಜ್‌ನಲ್ಲಿ ಕೆಲವು ದಿನ ಬರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಪೋಸ್ಟರ್ ಅಂಟಿಸುವವರು, ಹಳೆಯ ಬೈಂಡಿಂಗ್‌ನವರು ಇಂಥ ಅಂಟಿಗೆ ಮೈಲುತುತ್ತ ಹಾಕುವುದನ್ನು ನೋಡಿರುತ್ತೀರಿ. ನೀವು ಹಾಕಬೇಡಿ. ಅದು ವಿಷ, ಮಗು ಕೈಯಾಡಿಸುವ ಅಂಟಿನಲ್ಲಿ ಇರಲೇಬಾರದು. ಅದರಲ್ಲಿರುವ ತಾಮ್ರ ಕಾಗದವನ್ನೂ ಬೇಗ ಕೆಡಿಸುತ್ತದೆ.

ಅಂಟಿಸಲು ತಳದ ಹಾಳೆ ದಪ್ಪದ್ದಿರಲಿ, ಹತ್ತಿಯ ನಾರಿನದ್ದು, ಆಮ್ಲರಹಿತ ಎಂದು ಬರೆದಿರುವ ಜಲವರ್ಣದ ಕಾಗದ ಸಾಕು. ಕಾಗದಕ್ಕೆ ಎಳೆಯ ದಿಕ್ಕು ಇದೆ. ಪತ್ರಿಕೆ ಒಂದು ಕಡೆಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಗೆ ಸೊಟ್ಟಸೊಟ್ಟ. ನೇರವಾಗಿ ಹರಿಯುವುದೇ ಎಳೆಯ ದಿಕ್ಕು. ಒದ್ದೆಯಾದಾಗ ಕಾಗದ ಹಿಗ್ಗುವುದು ಅದಕ್ಕೆ ಅಡ್ಡಲಾಗಿ. ಒಣಗುವಾಗ ಕುಗ್ಗಿ ತಳದ ಹಾಳೆಯನ್ನು ಎಳೆದು ಬಗ್ಗಿಸುತ್ತದೆ. ದೊಡ್ಡ ತುಂಡುಗಳನ್ನಾದರೂ ತಳದ ಹಾಳೆಯ ದಿಕ್ಕಿಗೆ ಹೊಂದಿಸಿ ಇಡಿ. ಆದರೂ ಬಗ್ಗಿದರೆ ಹಿಂಬದಿಗೆ ಅಷ್ಟೇ ಅಳತೆಯ ಒಂದು ಹಾಳೆಯನ್ನು ಅದೇ ಅಂಟಿನಿಂದ ಅಂಟಿಸಿ, ಎಳೆತ ಎರಡೂ ಕಡೆ ಸಮವಾಗುತ್ತದೆ. ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಭಾರ. ಬ್ಲಾಟಿಂಗ್ ಪೇಪರನ್ನು ಮೊದಲ ದಿನ ಎರಡು ಮೂರು ಸಲ ಬದಲಿಸಿ.

ಕೆಲಸ ಶುರು ಮಾಡುವಾಗ ಹಾಳೆ ಚಿಕ್ಕದಿರಲಿ. ಶ್ವಿಟ್ಟರ್ಸ್‌ನ ಎಷ್ಟೋ ಒಳ್ಳೆಯ ಕೊಲಾಜ್‌ಗಳು ಅಂಗೈಗಿಂತ ಸ್ವಲ್ಪ ದೊಡ್ಡವು, ಅಷ್ಟೇ. ಮೊದಲು ಅಂಟಿಲ್ಲದೆ ಜೋಡಿಸಿ. ಕಣ್ಣು ಅರೆಮುಚ್ಚಿ ನೋಡಿ, ಕಪ್ಪು-ಬಿಳುಪಿನ ತೂಕ ತಿಳಿಯುತ್ತದೆ. ಹಾಳೆಯನ್ನು ತಲೆಕೆಳಗೆ ತಿರುಗಿಸಿ ನೋಡಿ, ಓದುವ ಚಟ ನಿಲ್ಲುತ್ತದೆ. ಚೆನ್ನಾಗಿರುವ ಚಿತ್ರವನ್ನು ನಡುವೆಯೇ ಇಡಬೇಕೆಂಬ ಆಸೆ ಎಲ್ಲರಿಗೂ ಆಗುತ್ತದೆ. ಬೆಂಕಿಪೊಟ್ಟಣದ ಹುಲಿಯೋ ನವಿಲೋ ಇದ್ದರೆ ಅದನ್ನು ಅರ್ಧ ಕತ್ತರಿಸಿ, ಅಂಚಿಗೆ ತಳ್ಳಿ, ಮೇಲೆ ಟಿಕೆಟಿನ ಒಂದು ತೆಳು ಪಟ್ಟಿ ಹಾಯಿಸಿ ನೋಡಿ. ಹುಲಿ ಕಾಣೆಯಾಗಿ ಹಳದಿ-ಕಪ್ಪು ಪಟ್ಟೆ ಮಾತ್ರ ಉಳಿದ ಕ್ಷಣ ನಿಮಗೆ ಹ್ಯಾನೋವರ್‌ನಲ್ಲಿ ನೋಡಿದ್ದು ಅರ್ಥವಾಗುತ್ತದೆ. ನಾನು ಎಷ್ಟು ವಿವರಿಸಿದರೂ ಕೈಯಲ್ಲಿ ಮಾಡಿ ತಿಳಿಯುವುದಕ್ಕೆ ಸಮ ಅಲ್ಲ.

ಆದರೆ ತಂದೆಯವರ ಡಬ್ಬಕ್ಕೆ ಹಾಗೆ ನೇರವಾಗಿ ಕತ್ತರಿ ಹಾಕಬೇಡಿ. ಇಡೀ ಡಬ್ಬವನ್ನು ಮೇಜಿನ ಮೇಲೆ ಹರಡಿ, ಎರಡು ಗುಂಪು ಮಾಡಿ. ಒಂದೇ ತರಹದ್ದು ಹತ್ತಾರು ಇದ್ದರೆ ಅವು ಕೊಲಾಜ್‌ಗೆ. ಒಂದೇ ಒಂದು ಇರುವುದು, ತಂದೆಯವರು ಹಿಂದೆ ಏನಾದರೂ ಬರೆದಿಟ್ಟಿರುವುದು, ನಿಂತುಹೋದ ಬಸ್ ಮಾರ್ಗದ ಟಿಕೆಟ್, ಇವನ್ನು ಬದಿಗಿಡಿ. ಅಷ್ಟರಲ್ಲಿ ಎರಡೂ ಬದಿ ಫೋಟೋ ತೆಗೆದುಕೊಳ್ಳಿ. ಬೇಕಾದರೆ ಅವುಗಳ ಲೇಸರ್ ಪ್ರಿಂಟ್ ತೆಗೆಸಿ ಆ ಪ್ರತಿಯನ್ನು ಕತ್ತರಿಸಿ. ಮೂಲದ ಕಾಗದದ ಸೊಗಸು ಅದರಲ್ಲಿ ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಒಂದೇ ಒಂದಿರುವುದನ್ನು ಕಳೆದುಕೊಳ್ಳುವುದಕ್ಕಿಂತ ಅದು ಮೇಲು. ಈ ವಿಷಯದಲ್ಲಿ ನಾನು ಶ್ವಿಟ್ಟರ್ಸ್ ಪಕ್ಷ ವಹಿಸುವುದಿಲ್ಲ. ಅವರು ಆರಿಸಿದ್ದು ಯಾರಿಗೂ ಬೇಡವಾದ ಕಾಗದ. ನಿಮ್ಮದು ಒಬ್ಬರು ಬೇಕೆಂದು ಕೂಡಿಟ್ಟದ್ದು.

ಮುಗಿದ ಕೊಲಾಜನ್ನು ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗಬಾರದು. ನಡುವೆ ಕಿಟಕಿಯಂತೆ ಕತ್ತರಿಸಿದ ಆಮ್ಲರಹಿತ ರಟ್ಟು ಇಡಲು ಹೇಳಿ. ಶಿವಮೊಗ್ಗದ ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕಟ್ಟಿದರೆ ಬೂಷ್ಟು ಬರುತ್ತದೆ, ಅದರಲ್ಲೂ ಗಂಜಿ ಅಂಟಿನ ಕೆಲಸಕ್ಕೆ. ಹೊರಗೋಡೆಗೆ ನೇತುಹಾಕದೆ ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ನೇರ ಬಿಸಿಲು, ಟ್ಯೂಬ್‌ಲೈಟಿನ ಕೆಳಗಿನ ಜಾಗ ಎರಡೂ ಬೇಡ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ಇಳಿಸಿ ಹಿಂಬದಿ ನೋಡಿ. ಬೆಳ್ಳಗೆ ಮಿರುಗುವ ಹುಳು ಅಥವಾ ಗೆದ್ದಲಿನ ಮಣ್ಣು ಕಂಡರೆ ತಕ್ಷಣ ಫ್ರೇಮ್ ಬಿಚ್ಚಿಸಿ. ಮೇಲೆ ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ಮತ್ತೆ ಕೊಲಾಜ್‌ನ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ ದಿನಾಂಕ, ನಿಮ್ಮಿಬ್ಬರ ಹೆಸರು, ಯಾವ ಕಾಗದ ಎಲ್ಲಿಂದ ಬಂತು ಎಂದು ಬರೆಯಿರಿ. ಬಾಲ್ ಪೆನ್ ಬೇಡ, ಅದರ ಶಾಯಿ ಮುಂದಿನ ಬದಿಗೆ ಇಳಿಯುತ್ತದೆ.